ಜ್ವರ ಇಳಿಯಿತು, ಡೋಸು ಉಳಿಯಿತು

ಮಹಾಸಭೆಗೆ ವಂದನೆ. ಬೆಳಗಿನ ಕಲ್ಯಾಣ ಲೋಕಲಿನಲ್ಲಿ ಒಂಟಿಕಾಲಲ್ಲಿ ನಿಂತ ಧೀರರೇ, ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅರ್ಧ ಕುಳಿತ ಭಾಗ್ಯವಂತರೇ, ಘೋಡಬಂದರ್ ರಸ್ತೆಯ ಎತ್ತರದ ಬಾಲ್ಕನಿಗಳಿಂದ ಕೆಳಗಿನ ಟ್ರಾಫಿಕ್ಕನ್ನು ಕರುಣೆಯಿಂದ ನೋಡುವ ಮಹನೀಯರೇ, ವಾಶಿಯ ಸಗಟು ಮಾರುಕಟ್ಟೆಯಲ್ಲಿ ಮೂಟೆಗೆ ಒರಗಿ ಈ ಪತ್ರಿಕೆ ಓದುತ್ತಿರುವ ನನ್ನ ಸಹೋದ್ಯೋಗಿಗಳೇ, ಎಲ್ಲರೂ ದಯಮಾಡಿ ಮೊಬೈಲು ಬಂದ್ ಮಾಡಿ ಆಸೀನರಾಗಬೇಕು. ಕುರ್ಚಿ ಸಿಗದವರು ನಿಂತುಕೊಳ್ಳಬಹುದು. ಈ ಕಡೆಯ ಜನಕ್ಕೆ ಅದು ಅಭ್ಯಾಸವಾದ ಕಷ್ಟ. ಇಂದಿನ ಸಭೆಯಲ್ಲಿ ಒಂದು ಮನೋರೋಗ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಸನ್ಮಾನ ಏರ್ಪಾಡಾಗಿದೆ. ಶಾಲು ಇಲ್ಲ, ಹಾರ ಇಲ್ಲ, ಫಲಪುಷ್ಪ ಇಲ್ಲ. ಇರುವುದು ಮಾತೊಂದೇ, ಅದನ್ನೇ ಹೊದಿಸುತ್ತೇನೆ.

ಮಾನ್ಯ ಅಧೀಕ್ಷಕರೇ,

ನನ್ನ ದೂರು ಚಿಕ್ಕದು. ಹಂದಿ ಜ್ವರದ ಭಯದ ದಿನಗಳಲ್ಲಿ ತಾವು ಗಂಡಸರ ವಾರ್ಡಿನಲ್ಲಿ ಮಂಪರು ಬರಿಸುವ ಮದ್ದನ್ನು ಹೆಚ್ಚಿಸಿದಿರಿ. ಭಯ ಹೋಗಿ ಗೇಟು ತೆರೆದ ಮೇಲೂ ಅದನ್ನು ಇಳಿಸಿಲ್ಲ. ಅದರ ಫಲವಾಗಿ ನನ್ನ ಭಾವ, ಅಂದರೆ ನನ್ನ ಅಕ್ಕನ ಗಂಡ ಮುರಾರಿ, ಇವತ್ತು ಮಾತಾಡುವುದಿಲ್ಲ. ಗಣೇಶ ಚೌತಿಗೆ ಮನೆಗೆ ಕಳಿಸುತ್ತೇವೆ ಎಂದು ತಮ್ಮ ಡಾಕ್ಟರೇ ಹೇಳಿದ್ದ ಮನುಷ್ಯ ಡಿಸೆಂಬರ್ ಬಂದರೂ ತಮ್ಮ ಮಂಚದ ಮೇಲೆ, ಹಗಲು ಹೊತ್ತಿನಲ್ಲಿ, ಬಾಯಿ ಅರ್ಧ ತೆರೆದು ಮಲಗಿದ್ದಾರೆ. ನನಗೆ ಅವರ ಎಚ್ಚರ ವಾಪಸು ಬೇಕು.

ಈ ಪತ್ರ ಕನ್ನಡದಲ್ಲಿ ಯಾಕೆ ಎಂದು ಸಭೆ ಕೇಳಬಹುದು, ಏಕೆಂದರೆ ತಮಗೆ ಕನ್ನಡದ ಒಂದಕ್ಷರವೂ ಬಾರದು. ಮರಾಠಿಯಲ್ಲೊಂದು, ಇಂಗ್ಲಿಷಿನಲ್ಲೊಂದು ಅರ್ಜಿ ತಮ್ಮ ಕಚೇರಿಗೆ ಆಗಲೇ ತಲುಪಿವೆ. ಅವೆರಡೂ ಬಹಳ ಸಭ್ಯವಾಗಿವೆ. ಊರಿನಲ್ಲಿ ಕನ್ನಡ ಮಾಧ್ಯಮದಲ್ಲೇ ಬಿ.ಎ. ಮುಗಿಸಿ ಇಲ್ಲಿಗೆ ಬಂದವನು ನಾನು. ಮರಾಠಿಯಲ್ಲಿ ರಿಕ್ಷಾ ಕರೆಯುತ್ತೇನೆ, ಇಂಗ್ಲಿಷಿನಲ್ಲಿ ಬಿಲ್ಲು ಬರೆಯುತ್ತೇನೆ, ಆದರೆ ಆ ಭಾಷೆಗಳಲ್ಲಿ ಚೆನ್ನಾಗಿ ಸಿಟ್ಟು ಮಾಡಲು ನನಗೆ ಬರುವುದಿಲ್ಲ. ತಾವು ಸಿಟ್ಟಿನ ಪ್ರತಿಯನ್ನು ಯಾರಿಂದಲಾದರೂ ಓದಿಸಿಕೊಳ್ಳಬೇಕಾಗುತ್ತದೆ. ಓದಿ ಹೇಳುವವರು ಮುಜುಗರಪಟ್ಟು ಕೆಲವು ಸಾಲು ನುಂಗಿಯಾರು. ನುಂಗಲು ಬಿಡಬೇಡಿ. ತಮ್ಮ ವಾರ್ಡಿನಲ್ಲಿ ನುಂಗಿಸಿದ್ದು ಸಾಕು.

ಮೊದಲೇ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಾನು ಮದ್ದಿನ ವಿರೋಧಿಯಲ್ಲ. ಭಾವನ ಕಾಯಿಲೆ ಹಳೆಯದು. ಕೆಲವು ವರ್ಷಕ್ಕೊಮ್ಮೆ ಅವರಿಗೆ ಒಂದು ಏರು ಬರುತ್ತದೆ. ಆಗ ನಿದ್ದೆ ಇಲ್ಲ, ಊಟ ಇಲ್ಲ. ಡೊಂಬಿವಲಿಯ ಸ್ವಂತ ಹೋಟೆಲಿನ ಗಲ್ಲೆಯಲ್ಲಿ ಕುಳಿತು ಗಿರಾಕಿಗಳಿಗೆಲ್ಲ ಪುಕ್ಕಟೆ ಊಟ ಘೋಷಿಸಿಬಿಡುತ್ತಾರೆ. ಲಿಥಿಯಂ ಮಾತ್ರೆ ಅವರನ್ನು ಅಷ್ಟು ವರ್ಷ ನೆಟ್ಟಗೆ ನಿಲ್ಲಿಸಿದೆ. ಆ ಮಾತ್ರೆ ಕಂಡುಹಿಡಿದವನಿಗೆ ನನ್ನ ಅಕ್ಕ ವಿಮಲಾ ದಿನಾ ಕೈ ಮುಗಿಯುತ್ತಾಳೆ. ಈ ವರ್ಷ ಮಳೆಗಾಲದ ಆರಂಭಕ್ಕೆ ಏರು ಬಂತು, ತಮ್ಮಲ್ಲಿಗೆ ಸೇರಿಸಿದೆವು. ಮೊದಲ ವಾರಗಳಲ್ಲಿ ಅವರಿಗೆ ಸೂಜಿಮದ್ದು ಬೇಕಿತ್ತು, ಕೊಟ್ಟಿರಿ. ಸಹಿ ಹಾಕಿದವನು ನಾನೇ. ಜುಲೈ ಹೊತ್ತಿಗೆ ಸೂಜಿ ನಿಂತಿತು, ಭಾವ ಇಳಿದು ಬಂದರು, ಅಕ್ಕನನ್ನು ನೋಡಿ "ಡಬ್ಬಿಯಲ್ಲಿ ಎಂತ ಉಂಟು?" ಎಂದು ಕೇಳಿದರು. ಮನುಷ್ಯ ಸ್ವಸ್ಥ ಎನ್ನಲು ನಮ್ಮ ಮನೆಯಲ್ಲಿ ಬೇರೆ ಪರೀಕ್ಷೆ ಇಲ್ಲ.

ಈಗ ಭಾವನ ಮಾತಿನ ವಿಷಯ. ನಮ್ಮ ಕರಾವಳಿಯಲ್ಲಿ ತಾಳಮದ್ದಳೆ ಎಂದೊಂದು ಉಂಟು. ಯಕ್ಷಗಾನದ್ದೇ ಕಥೆ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಇಬ್ಬರು ಎದುರುಬದುರು ಕುಳಿತು ಪುರಾಣದ ಪಾತ್ರಗಳಾಗಿ ವಾದಿಸುತ್ತಾರೆ. ಬಾಯಿಪಾಠವಿಲ್ಲ, ಆಗಲೇ ಹುಟ್ಟಿದ ಮಾತು, ಆಗಲೇ ಕೊಟ್ಟ ಉತ್ತರ. ಎದುರಿನವನು ಒಂದು ಪ್ರಶ್ನೆ ಎಸೆದರೆ ಅದನ್ನು ನೆಲಕ್ಕೆ ಬೀಳಲು ಬಿಡಬಾರದು. ಹೋಟೆಲಿನ ವಾರದ ರಜೆಯಂದು ಸಂಘದ ಸಭಾಗೃಹದಲ್ಲಿ ಭಾವ ಕುಳಿತರೆ, ಮರುದಿನ ಬೆಳಿಗ್ಗೆ ಡ್ಯೂಟಿ ಇದ್ದವರೂ ಎದ್ದು ಹೋಗುತ್ತಿರಲಿಲ್ಲ. ಅವರಿಗೆ ಎದುರು ಕೂರುತ್ತಿದ್ದವನು ನಾನು. ನನಗೆ ಪ್ರಾಸದ ಚಟ. ಮಾತಿನ ಕೊನೆ ಮಾತಿಗೆ ಹೊಂದದಿದ್ದರೆ ಸಮಾಧಾನವಿಲ್ಲ. ಅದಕ್ಕೆ ಭಾವ ಸಭೆಯ ನಡುವೆಯೇ ಹೇಳುವುದಿತ್ತು: "ಚೆನ್ನಯಾ, ನೀನು ಮಾತಿಗೆ ಬಾಲ ಕಟ್ಟುದು ಆಮೇಲೆ. ಅದರ ತಲೆ ಎಲ್ಲುಂಟು, ಅದನ್ನು ತೋರಿಸು ಮೊದಲು."

ಜುಲೈಯ ಭಾನುವಾರಗಳಲ್ಲಿ, ತಮ್ಮ ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ನಾವು ಅದನ್ನೇ ಮಾಡಿದೆವು. ಆಗಿನ ಡಾಕ್ಟರು, ಚಿಕ್ಕ ವಯಸ್ಸಿನವರು, ನೋಡಿ ನಕ್ಕು, "ಚಾಲೂ ಠೇವಾ, ಹೀಗೇ ಮಾಡಿ, ಒಳ್ಳೆಯದು" ಎಂದಿದ್ದರು. ಗೇಟಿನಲ್ಲಿ ಹೆಸರು ಬರೆಸುವಾಗ ರೋಗಿಗೆ ನೀವು ಏನಾಗಬೇಕು ಎಂದು ಕೇಳುತ್ತಾರಲ್ಲ, ನಾನು ಒಮ್ಮೆ ತಮಾಷೆಗೆ "ದುಶ್ಮನ್" ಎಂದೆ. ವಾಚ್‌ಮನ್ ಪೆನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕಾಕಾ, ಐಸಾ ಮತ್ ಬೋಲೋ, ಇಧರ್ ಬೋಲನೇವಾಲೇ ಕೋ ಅಂದರ್ ರಖ್ ಲೇತೇ ಹೈಂ" ಎಂದ: ಇಲ್ಲಿ ಮಾತಾಡುವವರನ್ನು ಒಳಗೆ ಇಟ್ಟುಕೊಳ್ಳುತ್ತಾರಂತೆ. ಆಗ ನಕ್ಕೆ. ಈಗ ನೋಡಿದರೆ ಇಡೀ ಆಸ್ಪತ್ರೆಯ ಧೋರಣೆಯನ್ನು ಆತ ಒಂದೇ ವಾಕ್ಯದಲ್ಲಿ ಹೇಳಿದ್ದ.

ವಾರ್ಡಿನಲ್ಲಿ ಕನ್ನಡ ತಿಳಿಯುವವನು ಒಬ್ಬನೇ: ವಿಜಾಪುರದ ಕಡೆಯ ಚಂದ್ರಾಮ, ವಾರ್ಡ್‌ಬಾಯ್ ಎಂದು ಹೆಸರು, ವಯಸ್ಸು ನನ್ನಷ್ಟೇ. ಸಂಜೆ ಹೊತ್ತು ಭಾವ ಮಂಚದ ಮೇಲೆ ಕುಳಿತು ಮುಂದಿನ ಭಾನುವಾರದ ವಾದವನ್ನು ಜೋರಾಗಿ ಅಭ್ಯಾಸ ಮಾಡುತ್ತಿದ್ದರು. ನರ್ಸುಗಳು ಗಾಬರಿಯಾದರೆ ಚಂದ್ರಾಮ "ನಾಟಕ್ ಹೈ, ನಾಟಕ್" ಎಂದು ಸಮಾಧಾನ ಮಾಡುತ್ತಿದ್ದ. ನನಗೆ ಒಮ್ಮೆ ಹೇಳಿದ: "ನಿಮ್ಮ ಭಾವಾರು ಭಾಳ ಚಲೋ ಮಾತಾಡ್ತಾರ್ರಿ. ಅರ್ಧಾ ತಿಳಿತೈತಿ, ಅರ್ಧಾ ತಿಳಿಯಂಗಿಲ್ಲ. ತಿಳೀಲಾರದ್ದ ಇನ್ನೂ ಚಲೋ ಇರ್ತೈತಿ." ಅವನಿಗೂ ಪೂರ್ತಿ ಕೇಳುವ ತಾಳ್ಮೆ ಇರಲಿಲ್ಲ, ನಡುವೆ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ಆದರೂ ಆ "ನಾಟಕ್ ಹೈ" ಎಂಬ ಎರಡು ಶಬ್ದದ ಮೇಲೆ ಭಾವನ ಎಚ್ಚರ ನಿಂತಿತ್ತೆಂದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಊರಿಗೆ ಬಂತು ಹಂದಿ ಜ್ವರ, ವಾರ್ಡಿಗೆ ಸಿಕ್ಕಿತು ನಿದ್ದೆಯ ವರ.

ಆಗಸ್ಟ್ ತಿಂಗಳು ಸಭೆಗೆ ನೆನಪಿರಬೇಕು. ಪುಣೆಯಿಂದ ಸಾವಿನ ಸುದ್ದಿ ಬಂತು. ಡೊಂಬಿವಲಿ ಸ್ಟೇಷನಿನಲ್ಲಿ ಜನ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ದರೋಡೆಗೆ ಹೊರಟವರಂತೆ ಲೋಕಲಿಗೆ ನುಗ್ಗಿದರು. ಮೆಡಿಕಲ್ ಅಂಗಡಿಯಲ್ಲಿ ಮಾಸ್ಕ್ ಮುಗಿಯಿತು, ಕರ್ಪೂರವೂ ನೀಲಗಿರಿ ಎಣ್ಣೆಯೂ ಮುಗಿಯಿತು. ಈರುಳ್ಳಿ ಕತ್ತರಿಸಿಟ್ಟರೆ ರೋಗಾಣುವನ್ನು ಎಳೆದುಕೊಳ್ಳುತ್ತದೆಂದು ಯಾರೋ ಹೇಳಿದ್ದು ಕೇಳಿ, ಈರುಳ್ಳಿ ವ್ಯಾಪಾರಿಯಾದ ನನ್ನ ಶೇಠರು ಆ ಮಹಾಮಾರಿಯಲ್ಲಿ ದೇವರ ಕೈಯನ್ನು ಕಂಡರು. ಶಾಲೆ ಮುಚ್ಚಿತು, ಥಿಯೇಟರ್ ಮುಚ್ಚಿತು, ಮಾಲ್ ಮುಚ್ಚಿತು. ತಮ್ಮ ಗೇಟೂ ಮುಚ್ಚಿತು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಭಯ ಎಲ್ಲರಿಗೂ ಇತ್ತು. ನಾನೂ ಒಂದು ವಾರ ಬಾಗಿಲ ಹಿಡಿಕೆಯನ್ನು ಮೊಣಕೈಯಲ್ಲಿ ತೆರೆದವನು.

ಆದರೆ ಮಾಲ್ ಕೆಲವೇ ದಿನದಲ್ಲಿ ತೆರೆಯಿತು. ಥಿಯೇಟರಿನಲ್ಲಿ ಪಾಪ್‌ಕಾರ್ನ್ ಮತ್ತೆ ಸಿಡಿಯಿತು. ವಾಶಿಯ ಮಾರುಕಟ್ಟೆ ಮುಚ್ಚಲೇ ಇಲ್ಲ. ಬಟಾಟೆ ಈರುಳ್ಳಿಯ ನಡುವೆ ಸಾವಿರಾರು ಜನ ಒಬ್ಬರ ಉಸಿರನ್ನೊಬ್ಬರು ಕುಡಿದೆವು. ತಮ್ಮ ಗೇಟು ಮಾತ್ರ ಮುಚ್ಚಿಯೇ ಇತ್ತು. ಅಕ್ಕನೂ ನಾನೂ ಪ್ರತಿ ಭಾನುವಾರ ಕಲ್ಯಾಣದಿಂದ ರಿಕ್ಷಾ ಹಿಡಿದು ಬರುತ್ತಿದ್ದೆವು. ಭೇಟಿ ಬಂದ್, ಇನ್ನೊಂದು ಆದೇಶ ಬರುವ ತನಕ ಎಂದು ವಾಚ್‌ಮನ್ ತಡೆಯುತ್ತಿದ್ದ.

"ಮುಲಾಖಾತ್ ಬಂದ್ ಹೈ, ಕಾಕಾ. ಊಪರ್ ಸೇ ಆರ್ಡರ್ ಹೈ."

"ಕಬ್ ತಕ್?"

"ದೂಸರಾ ಆರ್ಡರ್ ಆನೇ ತಕ್."

"ಅರೇ ಭಾಯ್, ಮಾಲ್ ಭೀ ಖುಲ್ ಗಯಾ."

"ತೋ ಮಾಲ್ ಮೇಂ ಜಾವ್ ನಾ, ಉಧರ್ ಏಸಿ ಭೀ ಹೈ."

ಮಾಲಿಗೇ ಹೋಗಿ ಎಂಬ ಸಲಹೆ ಸಿಕ್ಕಿತು, ಅಕ್ಕನ ಡಬ್ಬಿ ಕೂಡ ಒಳಗೆ ಹೋಗಲಿಲ್ಲ. ವಾರ್ಡಿಗೆ ಫೋನ್ ಮಾಡಿದರೆ "ಪೇಶಂಟ್ ಬರೇ ಆಹೇತ್, ಝೋಪಲೇ ಆಹೇತ್" ಎಂಬ ಉತ್ತರ: ಚೆನ್ನಾಗಿದ್ದಾರೆ, ಮಲಗಿದ್ದಾರೆ. ಬೆಳಿಗ್ಗೆ ಕೇಳಿದರೂ ಮಲಗಿದ್ದಾರೆ, ಮಧ್ಯಾಹ್ನ ಕೇಳಿದರೂ ಮಲಗಿದ್ದಾರೆ. ಅಕ್ಕ ನನಗೇ ಸಮಾಧಾನ ಹೇಳಿದಳು: "ಇರಲಿ ಮಾರಾಯಾ. ಏರು ಬಂದಾಗ ಕಣ್ಣು ಮುಚ್ಚದ ಜನ. ಈಗಾದರೂ ನಿದ್ದೆ ಬರ್ತಾ ಉಂಟಲ್ಲ." ನಿದ್ದೆ ಬರುವುದಕ್ಕೂ ತರಿಸುವುದಕ್ಕೂ ಇರುವ ದೂರ ಆ ಫೋನಿನಲ್ಲಿ ಕೇಳುತ್ತಿರಲಿಲ್ಲ.

ಮಾನ್ಯರೇ, ಆ ಗೋಡೆಯೊಳಗೆ ಏನಾಯಿತೆಂಬುದನ್ನು ತಮ್ಮ ವಾರ್ಡಿನ ನರ್ಸ್ ಸೋನಾಲಿ ಸಿಸ್ಟರ್ ಮತ್ತು ಚಂದ್ರಾಮನ ಬಾಯಿಂದಲೇ ಕೇಳಿದ್ದೇನೆ. ಅವರ ಮೇಲೆ ತಾವು ಕೋಪಿಸಿಕೊಳ್ಳುವ ಹಾಗಿಲ್ಲ. ಇಬ್ಬರೂ ಆ ಕೆಲಸ ಬಿಟ್ಟು ಹೋಗಿದ್ದಾರೆ. ಅರ್ಧ ಸಿಬ್ಬಂದಿ ರಜೆ ಹಾಕಿತು. ಚಂದ್ರಾಮನಿಗೆ ಜ್ವರ ಬಂತೆಂದು ಅವನನ್ನು ಮನೆಗೆ ಅಟ್ಟಿದಿರಿ. ಆ ಚಿಕ್ಕ ಡಾಕ್ಟರನ್ನು ಜ್ವರದ ಡ್ಯೂಟಿಗೆಂದು ಬೇರೆಡೆಗೆ ಕಳಿಸಿದರು. ಅಂಗಳದ ನಡಿಗೆ ನಿಂತಿತು. ಮೇಣದಬತ್ತಿ, ಕಾಗದದ ಚೀಲ ಮಾಡಿಸುತ್ತಿದ್ದ ಕೊಠಡಿಗೆ ಬೀಗ ಬಿತ್ತು. ಒಂದು ಹಾಲಿನಲ್ಲಿ ಅಷ್ಟೂ ಗಂಡಸರು ಹಗಲಿಡೀ ಒಟ್ಟಿಗೆ, ಮಾಡಲು ಏನೂ ಇಲ್ಲದೆ, ಹೊರಗೆ ಏನಾಗುತ್ತಿದೆ ಎಂದು ಯಾರೂ ಹೇಳದೆ. ಮುಖ ಕಟ್ಟಿಕೊಂಡವರು ಬಂದು ಮಾತ್ರೆ ಕೊಟ್ಟು ಓಡುತ್ತಾರೆ. ತಮ್ಮನ್ನು ಹೀಗೆ ಕೂಡಿ ಹಾಕಿದ್ದರೆ ತಾವು ಕೂಗುತ್ತಿರಲಿಲ್ಲವೇ? ಕೂಗದಿದ್ದರೆ ತಮ್ಮ ಆರೋಗ್ಯದ ಬಗ್ಗೆ ನಾನು ಚಿಂತಿಸುತ್ತೇನೆ.

ರೋಗಿಗಳು ಕೂಗಿದರು, ಮಾಸ್ಕ್ ಕಿತ್ತೆಸೆದರು. ಎಚ್ಚರವಿದ್ದವನ ಮುಖದಲ್ಲಿ ಮಾಸ್ಕ್ ನಿಲ್ಲುವುದಿಲ್ಲ, ನಿದ್ದೆಯಲ್ಲಿದ್ದವನ ಮುಖದಲ್ಲಿ ನಿಲ್ಲುತ್ತದೆ. ಈ ಶೋಧನೆಯನ್ನು ಮಾಡಿದವರು ಯಾರೋ ನನಗೆ ತಿಳಿಯದು. ಆದರೆ ಅದನ್ನು ಆಡಳಿತವನ್ನಾಗಿ ಮಾಡಿದವರು ತಾವು. ಪ್ರತಿ ರೋಗಿಗೂ "ಬೇಕಾದಾಗ ಸೂಜಿ ಕೊಡಿ" ಎಂದು ಒಂದು ಆದೇಶ ಬರೆಸಿಟ್ಟಿರಿ. ಬೇಕಾದಾಗ! ಯಾರಿಗೆ ಬೇಕಾದಾಗ, ಮಾನ್ಯರೇ? ರೋಗಿಗೋ, ಒಬ್ಬಳೇ ಎರಡು ವಾರ್ಡು ನೋಡಬೇಕಿದ್ದ ನರ್ಸಿಗೋ, ಮೇಲಿನವರಿಗೆ "ಎಲ್ಲ ಶಾಂತ" ಎಂದು ಹೇಳಬೇಕಿದ್ದ ತಮಗೋ? ಊಟಕ್ಕೆ ಹಸಿವು ಯಾರದೆಂದು ಎಲ್ಲರಿಗೂ ಗೊತ್ತು. ತಮ್ಮ ಸೂಜಿಯ ಹಸಿವು ಯಾರದು?

ಭಾವನ ಸರದಿ ಹೇಗೆ ಬಂತೆಂದು ಸೋನಾಲಿ ಸಿಸ್ಟರ್ ಹೇಳಿದರು. ಗೇಟು ಮುಚ್ಚುವ ಮೊದಲಿನ ಭಾನುವಾರ ನಮ್ಮ ವಾದ ಅರ್ಧಕ್ಕೆ ನಿಂತಿತ್ತು. ಭಾವನದು ಬಾಣ ತಿಂದು ನೆಲಕ್ಕೆ ಬಿದ್ದ ರಾಜನ ಪಾತ್ರ, ನನ್ನದು ಬಾಣ ಬಿಟ್ಟವನದು. ಎದುರಿಗೆ ಬಂದು ಹೋರಾಡದೆ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಯಾವ ಧರ್ಮ ಅದು ಎಂದು ಅವರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಭೇಟಿ ಮುಗಿಯುವ ಗಂಟೆ ಹೊಡೆಯಿತು. "ಬರುವ ವಾರ ಉತ್ತರ ತಾ, ಬಾಲ ಮಾತ್ರ ತರಬೇಡ" ಎಂದರು. ಆ ವಾರ ನಾನು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಯಾಕೆ ಬರಲಿಲ್ಲವೆಂದು ಅವರಿಗೆ ಹೇಳಿದವರಿಲ್ಲ. ಕಾದರು. ತಾಳಮದ್ದಳೆಯಲ್ಲಿ ಎದುರಿನವನು ಬಾರದಿದ್ದರೆ ಪ್ರಸಂಗ ನಿಲ್ಲಿಸುವುದಿಲ್ಲ. ಅವನ ಪಾಲಿನ ಮಾತನ್ನು ಬೇರೆ ಯಾರಾದರೂ ಆಡಿ ಕೊಡಬೇಕು, ಅದು ಮರ್ಯಾದೆ. ಅಲ್ಲಿ ಬೇರೆ ಯಾರಿದ್ದರು? ಹಾಗಾಗಿ ಭಾವ ತಾವೇ ನನ್ನ ಮಾತನ್ನೂ ಆಡಲು ಶುರುಮಾಡಿದರು.

"ಕಾಕಾ ಏಕಟೇಚ್ ಬೋಲತ್ ಹೋತೇ" ಎಂದರು ಸೋನಾಲಿ ಸಿಸ್ಟರ್, ಒಬ್ಬರೇ ಮಾತಾಡುತ್ತಿದ್ದರು. ಕಿಟಕಿಯ ಕಡೆ ತಿರುಗಿ ಒಂದು ದನಿ, ಬಾಗಿಲ ಕಡೆ ತಿರುಗಿ ಇನ್ನೊಂದು ದನಿ. ಒಂದು ದನಿ ಬೈಯುತ್ತದೆ, ಇನ್ನೊಂದು ನಿಧಾನಕ್ಕೆ ಉತ್ತರ ಕೊಡುತ್ತದೆ. ಮರೆಯಲ್ಲಿ ನಿಂತವನೇ ಹೊರಗೆ ಬಾ ಎಂದು ತೊಡೆ ತಟ್ಟಿ ಕರೆಯುತ್ತಾರೆ. ಸಿಸ್ಟರಿಗೆ ಭಾಷೆ ತಿಳಿಯದು. ಹೊಸದಾಗಿ ಬಂದ ಡಾಕ್ಟರಿಗೂ ತಿಳಿಯದು. "ನಾಟಕ್ ಹೈ" ಎನ್ನಬೇಕಾದವನು ಜ್ವರದಲ್ಲಿ ಮಲಗಿದ್ದ. ಇಲ್ಲದ ಜನರೊಡನೆ ಜಗಳ, ಅವಿತವನನ್ನು ಕೊಲ್ಲುವ ಬೆದರಿಕೆ, ಕಾಯಿಲೆ ಮರುಕಳಿಸಿದೆ ಎಂದು ತೀರ್ಮಾನವಾಯಿತು. ಸೂಜಿ ಬಂತು. ಮರುದಿನ ಮಂಪರಿನಿಂದ ಎದ್ದವರು ಬಿಟ್ಟಲ್ಲಿಂದ ಮುಂದುವರಿಸಿದರು, ಎರಡನೆಯದು ಬಂತು. ಆಮೇಲೆ ಸಂಜೆಯ ಸೂಜಿ ಅವರಿಗೆ ಚಹಾದಂತೆ ನಿತ್ಯವಾಯಿತು. ಅದರ ಜೊತೆಗೆ ಮಾತ್ರೆಗಳು. ಅವರು ತಮ್ಮ ಪಾತ್ರಕ್ಕಾಗಿ ಕೂಗಿದ್ದರೆ ನಾನು ಹೇಗೋ ಸಹಿಸುತ್ತಿದ್ದೆ. ಸಭೆಯಲ್ಲಿ ನಾನು ಉತ್ತರವಿಲ್ಲದೆ ಸೋತೆನೆಂದು ಆಗಬಾರದೆಂದು ನನ್ನ ಪರವಾಗಿ ಮಾತಾಡುತ್ತಿದ್ದಾಗ ಅವರ ತೋಳು ಹಿಡಿದು ಚುಚ್ಚಿದಿರಿ.

ಚಂದ್ರಾಮ ವಾಪಸು ಬಂದದ್ದು ಎಷ್ಟೋ ವಾರದ ನಂತರ. ಕಲ್ಯಾಣ ಸ್ಟೇಷನಿನ ಹೊರಗೆ ಚಹಾ ಕುಡಿಯುತ್ತ ಅವನು ಹೇಳಿದ್ದನ್ನು ಅವನ ಬಾಯಲ್ಲೇ ಕೇಳಿ.

"ಡ್ಯೂಟಿಗೆ ಬಂದು ನೋಡ್ತೀನಿ, ಹಾಡಹಗಲಿನಾಗ ಎಲ್ಲಾರೂ ಮಕ್ಕೊಂಡಾರ್ರಿ. ಫ್ಯಾನಿನ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳಿಲ್ಲ. ಮಾಸ್ಕ್ ಕಿತ್ರ ಸೂಜಿ, ಅತ್ರ ಸೂಜಿ. ಒಬ್ಬಾಂವ ಹಾಡಿದ್ದಕ್ಕ ಸೂಜಿ."

"ನೀನು ಹೇಳಬಾರದಿತ್ತ, ಇದು ನಾಟಕ ಅಂತ?"

"ಹೇಳಿದ್ನಿರಿ. ನೀ ಡಾಕ್ಟರ್ ಏನು ಅಂದ್ರು."

"ಮತ್ತೆ ಏನು ಮಾಡಿದಿ?"

"ಕಾಲ ಹಿಡದ್ನಿರಿ." ಅವನು ಗ್ಲಾಸು ಕೆಳಗಿಟ್ಟ. "ಸೂಜಿ ಕೊಡೂ ಮುಂದ ಕಾಲ ಹಿಡಿಯೂದು ನನ್ನ ಕೆಲಸ ಅಲ್ರಿ? ನಿಮ್ಮ ಭಾವಾರದೂ ಹಿಡದೇನಿ. ಅವ್ರೇನ್ ಜಾಡಿಸಲಿಲ್ರಿ. ಅಷ್ಟೊತ್ತಿಗೆ ಅವ್ರಿಗೆ ತ್ರಾಣ ಇರ್ಲಿಲ್ಲ."

ಆ ಚಹಾಕ್ಕೆ ನಾನು ದುಡ್ಡು ಕೊಡಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದೆ. ಕೊಟ್ಟೆ. ಅವನ ಮೇಲೆ ಸಿಟ್ಟು ಖರ್ಚು ಮಾಡಿದರೆ ತಮ್ಮ ಪಾಲಿಗೆ ಕಡಿಮೆ ಬೀಳುತ್ತದೆ.

ದಸರಾ ಮುಗಿದ ಮೇಲೆ ಗೇಟು ತೆರೆಯಿತು. ಅಕ್ಕ ಡಬ್ಬಿ ತುಂಬ ಮೀನುಸಾರು ಅನ್ನ ಕಟ್ಟಿದಳು, ಹಬ್ಬದ ದಿನಕ್ಕೂ ಹಾಗೆ ಕಟ್ಟಿರಲಾರಳು. ಕಾಲೇಜಿಗೆ ಹೋಗುವ ಮಗಳು ಪ್ರಣೀತಾಳೂ ಬಂದಳು. ಇಬ್ಬರು ಹಿಡಿದುಕೊಂಡು ಬಂದು ಒಬ್ಬರನ್ನು ಬೆಂಚಿನಲ್ಲಿ ಕೂರಿಸಿದರು. ಕೈ ನಡುಗುತ್ತಿತ್ತು. ಬಾಯಿಯ ತುದಿಯಲ್ಲಿ ಜೊಲ್ಲು. ಕಣ್ಣು ನಮ್ಮ ಮೇಲಿತ್ತು, ನೋಟ ಇರಲಿಲ್ಲ. ಅಕ್ಕ ತುತ್ತು ಕೊಟ್ಟಳು. ಭಾವ ತುತ್ತನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದರು.

"ಪಪ್ಪಾ," ಎಂದಳು ಪ್ರಣೀತಾ. ಆಮೇಲೆ ನನ್ನ ಕಡೆ ತಿರುಗಿ, "ಮಾಮಾ, ಯೇ ಪಪ್ಪಾ ಕಾ ಟ್ರೀಟ್‌ಮೆಂಟ್ ಹೈ ಯಾ ಪನಿಶ್‌ಮೆಂಟ್?"

ಅಕ್ಕ ಸೆರಗಿನ ತುದಿಯಿಂದ ಗಂಡನ ಬಾಯಿ ಒರೆಸಿ, ಬಾಯೊಳಗೆ ಬೆರಳು ಹಾಕಿ, ಉಸಿರು ಸಿಕ್ಕಿಕೊಳ್ಳಬಾರದೆಂದು ಅನ್ನವನ್ನು ಹೊರತೆಗೆದಳು. "ಇದಕ್ಕಿಂತ ಆ ಕೂಗಾಟವೇ ಒಳ್ಳೆಯದಿತ್ತು ಚೆನ್ನಯಾ," ಎಂದಳು. "ಆಗ ಬೈಲಿಕ್ಕಾದರೂ ಗಂಡ ಇದ್ದ."

ಅದೇ ದಿನ ನಾನು ತಮ್ಮ ಕೋಣೆಗೆ ಬಂದೆ. ತಾವು ಚೆನ್ನಾಗಿ ನಡೆಸಿಕೊಂಡಿರಿ, ಬಿಸ್ಕತ್ತೂ ತರಿಸಿದಿರಿ. ತಮ್ಮ ಕಷ್ಟವನ್ನು ಹೇಳಿಕೊಂಡಿರಿ: ಸ್ಟಾಫ್ ಇರಲಿಲ್ಲ, ಒಬ್ಬನಿಗೆ ಜ್ವರ ಬಂದರೆ ವಾರ್ಡಿಡೀ ಹಬ್ಬುತ್ತಿತ್ತು, ಮೇಲಿನಿಂದ ದಿನಾ ಫೋನು. ಅದೆಲ್ಲ ನಿಜವಿರಬೇಕು. ಆಮೇಲೆ ತಾವು ಹೆಮ್ಮೆಯಿಂದ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಒಂದೂ ಕೇಸ್ ಆಗಲಿಲ್ಲ. ಒಂದೂ ಜೀವ ಹೋಗಲಿಲ್ಲ. ಒಂದೂ ಜಗಳ ಆಗಲಿಲ್ಲ. ನನ್ನ ಸರ್ವಿಸಿನಲ್ಲಿ ವಾರ್ಡ್ ಇಷ್ಟು ಶಾಂತವಾಗಿ ಇದ್ದದ್ದೇ ಇಲ್ಲ. ತುಮ್ಹಾಲಾ ಆಣಖೀ ಕಾಯ್ ಪಾಹಿಜೇ?" ನಿಮಗೆ ಇನ್ನೇನು ಬೇಕು ಎಂದು ಕೇಳಿದಿರಿ.

"ಡೋಸು ಇಳಿಸಬೇಕು," ಎಂದೆ.

"ಇಳಿಸಿದರೆ ಮತ್ತೆ ಕೂಗುತ್ತಾನೆ."

"ಕೂಗಲಿ. ಉತ್ತರ ಕೊಡಲು ನಾನಿದ್ದೇನೆ."

ತಾವು ನಕ್ಕಿರಿ. "ಪೇಶಂಟ್ ಆತಾ ಸೆಟಲ್ ಆಹೇ" ಎಂದಿರಿ, ಈಗ ರೋಗಿ ನೆಲೆಗೊಂಡಿದ್ದಾನೆ, ನೆಲೆಗೊಂಡವನನ್ನು ಅಲ್ಲಾಡಿಸುವುದು ಜಾಣತನವಲ್ಲ ಎಂದಿರಿ. ಬಸ್ಸಿನ ಅಡಿಗೆ ಬಿದ್ದವನೂ ನೆಲೆಗೊಂಡೇ ಇರುತ್ತಾನೆ, ಮಾನ್ಯರೇ. ಗೋಣಿಯೊಳಗಿನ ಈರುಳ್ಳಿ ಕೂಡ ಸೆಟಲ್ ಆಗಿರುತ್ತದೆ. ಒಳಗೊಳಗೆ ಕೊಳೆಯುವಾಗ ಅದು ಸದ್ದು ಮಾಡುವುದಿಲ್ಲ. ನಮ್ಮ ವ್ಯಾಪಾರದಲ್ಲಿ ಅದಕ್ಕೇ ಗೋಣಿಯನ್ನು ಆಗಾಗ ಬಿಚ್ಚಿ ನೋಡುತ್ತೇವೆ. ತಾವು ಗೋಣಿ ಹೊಲಿದು, ವಾಸನೆ ಬಾರದ ಹಾಗೆ ಮೂಗಿಗೆ ಮಾಸ್ಕ್ ಹಾಕಿಕೊಂಡಿರಿ.

ಸಭಾಸದರೇ, ನ್ಯಾಯ ಹೇಳಿ. ಬೀದಿಯಲ್ಲಿ ಗಲಾಟೆಯಾದಾಗ ಕರ್ಫ್ಯೂ ಹಾಕುತ್ತಾರೆ, ಗಲಾಟೆ ಮುಗಿದ ಮೇಲೆ ತೆಗೆಯುತ್ತಾರೆ. ಜ್ವರಕ್ಕೆಂದು ಹಾಕಿದ ಈ ಕರ್ಫ್ಯೂವನ್ನು ಭಾವನ ತಲೆಯೊಳಗಿಂದ ಯಾಕೆ ತೆಗೆದಿಲ್ಲ? ಉತ್ತರ ಸರಳ. ತೆಗೆಯಲು ಯಾರಾದರೂ ಅವರ ಬಳಿ ಕೂರಬೇಕು, ನೋಡಬೇಕು, ಇವತ್ತು ಸ್ವಲ್ಪ ಕಡಿಮೆ ಮಾಡಿ ನಾಳೆ ಮತ್ತೆ ನೋಡಬೇಕು. ಹೆಚ್ಚಿಸಲು ಒಂದು ನಿಮಿಷ ಸಾಕು, ಇಳಿಸಲು ಮನುಷ್ಯರು ಬೇಕು. ಭಯದ ಕಾಲದಲ್ಲಿ ಕಲಿತ ಅನುಕೂಲವನ್ನು ಭಯ ಹೋದ ಮೇಲೆ ಯಾರು ತಾನೇ ಬಿಡುತ್ತಾರೆ? ಗಲಾಟೆಯ ರೋಗಿಗಿಂತ ಗೊರಕೆಯ ರೋಗಿ ಲೇಸು: ಇದೇ ತಮ್ಮ ವೈದ್ಯಶಾಸ್ತ್ರ. ಒಂದೂ ಜೀವ ಹೋಗಲಿಲ್ಲ ಎಂದಿರಿ. ಯಾವ ಜೀವವನ್ನು ಎಣಿಸುತ್ತಿದ್ದೀರಿ ತಾವು?

ಹರಸುವ ಪದ್ಧತಿ ಇರುವ ಕಡೆ ಶಪಿಸುವ ಪದ್ಧತಿಯೂ ಇದೆ, ಸನ್ಮಾನದ ಭಾಗವಾಗಿ ಅದನ್ನೂ ಒಪ್ಪಿಸಿಕೊಳ್ಳಿ. ತಮಗೆ ಕಾಯಿಲೆ ಬರಲೆಂದು ನಾನು ಕೇಳುವುದಿಲ್ಲ, ಕಾಯಿಲೆಯವರೊಂದಿಗೆ ತಮ್ಮನ್ನು ಸೇರಿಸಿ ಅವರಿಗೆ ಅವಮಾನ ಮಾಡಲಾರೆ. ನನ್ನ ಆಸೆ ಸಣ್ಣದು. ತಾವು ಮಾತಾಡಲು ಬಾಯಿ ತೆರೆದಾಗಲೆಲ್ಲ ಎದುರಿಗಿದ್ದವರು ಗಡಿಯಾರ ನೋಡಲಿ. ತಮ್ಮ ಮಕ್ಕಳು ತಮ್ಮನ್ನು "ಶಾಂತವಾಗಿ ಇದ್ದಾರಲ್ಲ, ಸಾಕು" ಎಂದು ಒಂದು ಮೂಲೆಯ ಕುರ್ಚಿಯಲ್ಲಿ ಬಿಡಲಿ. ನಿವೃತ್ತಿಯ ದಿನ ಭಾಷಣಕ್ಕೆ ಎದ್ದು ನಿಂತಾಗ, ಬಹಳ ದಿನದಿಂದ ಮನಸ್ಸಿನಲ್ಲಿ ಕಟ್ಟಿಕೊಂಡ ಆ ಒಂದು ವಾಕ್ಯ ನಾಲಿಗೆಗೆ ಸಿಗದಿರಲಿ. ಹುಡುಕಲಿ ತಾವು. ಎಲ್ಲರ ಎದುರು ಹುಡುಕಲಿ. ಆಗ ಯಾರೋ ಪ್ರೀತಿಯಿಂದ ತಮ್ಮ ತೋಳು ಹಿಡಿದು ಕೂರಿಸಲಿ.

ಇನ್ನು ಬೇಡಿಕೆ. ಮದ್ದನ್ನು ನಾಳೆಯೇ ನಿಲ್ಲಿಸಿ ಎನ್ನುತ್ತಿಲ್ಲ. ಹಾಗೆ ಥಟ್ಟನೆ ನಿಲ್ಲಿಸುವುದು ಅಪಾಯವೆಂದು ಓದಿ ತಿಳಿದಿದ್ದೇನೆ. ತಮ್ಮ ಕೈಕೆಳಗಿಲ್ಲದ ಇನ್ನೊಬ್ಬ ಮನೋವೈದ್ಯರು ಬಂದು ಭಾವನನ್ನು ನೋಡಲಿ, ಲಿಥಿಯಂ ಇಟ್ಟುಕೊಂಡು ಉಳಿದ ಮಂಪರು ಮದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಲಿ. ಅಷ್ಟು ದಿನವೂ ಅಕ್ಕನೋ ನಾನೋ ಅವರ ಪಕ್ಕದಲ್ಲಿ ಕೂರಲು ಅನುಮತಿ ಕೊಡಿ. ಕಾನೂನಿನಂತೆ ಆಸ್ಪತ್ರೆ ನೋಡಲು ಬರಬೇಕಾದ ಸಂದರ್ಶಕ ಮಂಡಳಿ ಒಮ್ಮೆ ಹಗಲಲ್ಲಿ, ಹೇಳದೆ ಬಂದು, ವಾರ್ಡಿನಲ್ಲಿ ಎಷ್ಟು ಜನ ಎದ್ದಿದ್ದಾರೆಂದು ನೋಡಲಿ; ಆ "ಬೇಕಾದಾಗ" ಎಂಬ ಆದೇಶ ಇನ್ನು ಮುಂದೆ ಯಾವ ಜ್ವರದಲ್ಲೂ ಕುರುಡಾಗಿ ನಡೆಯದಂತೆ ನಿಯಮ ಮಾಡಲಿ. ಈ ಪತ್ರಕ್ಕೆ ಉತ್ತರ ಬಾರದಿದ್ದರೆ ಇದನ್ನೇ ಪ್ರತಿ ತಿಂಗಳು ಅಚ್ಚು ಹಾಕಿಸುತ್ತೇನೆ, ಪ್ರಾಸ ಬದಲಾಯಿಸಿ. ಸಾರ್ವಜನಿಕ ಹಿತಕ್ಕಾಗಿ, ಎಲ್ಲ ರೋಗಿಗಳ ಪರವಾಗಿ, ಜಾಗೃತ ನಾಗರಿಕನಾಗಿ...

ಸಾಕು. ಇದು ಸುಳ್ಳು. ಸಭೆ ಎದ್ದು ಹೋಗಲಿ, ನಾನು ನಿಮ್ಮೊಬ್ಬರಿಗೇ ಹೇಳುತ್ತೇನೆ. ನಾನು ನಾಗರಿಕನಾಗಿ ಬರೆದದ್ದಲ್ಲ. ಕಳೆದ ಭಾನುವಾರ ಭಾವನ ಎದುರು ಕುಳಿತು, ಆಗಸ್ಟಿನಿಂದ ಕೊಡಬೇಕಾಗಿದ್ದ ಉತ್ತರ ಕೊಟ್ಟೆ. ಬೇಕೆಂದೇ ಅದರಲ್ಲಿ ದೊಡ್ಡದೊಂದು ತಪ್ಪು ಇಟ್ಟಿದ್ದೆ, ಹತ್ತನೇ ಕ್ಲಾಸಿನ ಹುಡುಗನೂ ಹಿಡಿಯಬಹುದಾದ ತಪ್ಪು. ಅದನ್ನು ಹಿಡಿದು ಅವರು ನನ್ನನ್ನು ಹರಿದು ಹಾಕಲಿ ಎಂದು ಕಾದೆ. ಭಾವ ಬಹಳ ಹೊತ್ತು ನನ್ನನ್ನು ನೋಡಿದರು. ಆಮೇಲೆ ತಲೆಯಾಡಿಸಿ, "ಸರಿ" ಎಂದರು. ಇಷ್ಟು ವರ್ಷದಲ್ಲಿ ನಾನು ಅವರನ್ನು ಒಮ್ಮೆಯೂ ಸೋಲಿಸಿದವನಲ್ಲ. ಆ ದಿನ ಗೆದ್ದೆ. ಅದನ್ನು ನಿಮಗೆ ನಾನು ಕ್ಷಮಿಸುವುದಿಲ್ಲ.

ಇಂತಿ,
ಗೆದ್ದು ಮನೆಗೆ ಬಂದು ಊಟ ಮಾಡಲಾರದ
ಚೆನ್ನಯ
ಡೊಂಬಿವಲಿ ಪೂರ್ವ